ಎಪಿ ಆರ್ಟ್ ಹಿಸ್ಟರಿ, ವರ್ಲ್ಡ್ ಹಿಸ್ಟರಿ: ಮೇಷ್ಟ್ರಿಲ್ಲದೆ ಓದೋದು ಹೇಗೆ?

ಪಿಬಿ_ರೋಡ್:
ದಾವಣಗೆರೆಯಲ್ಲಿ ಸೆಕೆಂಡ್ ಪಿಯು, ಆರ್ಟ್ಸ್. ಮೇನಲ್ಲಿ ಎಪಿ (ಅಮೆರಿಕದ ಕಾಲೇಜ್ ಬೋರ್ಡ್ ನಡೆಸೋ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಪರೀಕ್ಷೆ) ಆರ್ಟ್ ಹಿಸ್ಟರಿ, ವರ್ಲ್ಡ್ ಹಿಸ್ಟರಿ ಎರಡೂ ಬರೆಯಬೇಕು ಅಂತಿದೀನಿ. ಹೇಳಿಕೊಡೋರು ಸಿಕ್ಕಿಲ್ಲ. ಆರ್ಟ್ ಹಿಸ್ಟರಿಗೆ ಓದಬೇಕಾದ 250 ಕಲಾಕೃತಿಗಳ ಪಟ್ಟಿ ನೋಡಿಯೇ ತಲೆ ತಿರುಗುತ್ತೆ. ಹೆಸರು, ಇಸವಿ ಉರು ಹೊಡೆದರೆ ಸಾಕಾ?

ದುರ್ಗದ_ಮೇಷ್ಟ್ರು:
ಸಾಲಲ್ಲಪ್ಪ. ಮೊದಲು ಪಟ್ಟಿಯ ತೂಕ ನೋಡು. ಹತ್ತು ಭಾಗಗಳಲ್ಲಿ ಯುರೋಪ್-ಅಮೆರಿಕಾದ ಎರಡಕ್ಕೇ 51 ಮತ್ತು 54, ಪ್ರಾಚೀನ ಮೆಡಿಟರೇನಿಯನ್‌ಗೆ 36. ದಕ್ಷಿಣ, ಪೂರ್ವ, ಆಗ್ನೇಯ ಏಷ್ಯಾ ಎಲ್ಲ ಸೇರಿ ಬರೀ 21. ಸಾಂಚಿ, ತಾಜಮಹಲ್ ಗೊತ್ತಿರೋದೇ ಅಂತ ಅಲ್ಲೇ ಕೂತರೆ ಕೆಟ್ಟೆ.

ಕೃತಿಗೊಂದು ಕಾರ್ಡ್ ಮಾಡು. ಮುಂದೆ ಚಿತ್ರ ಮಾತ್ರ. ಹಿಂದೆ ಹೆಸರು, ಕಲಾವಿದ ಅಥವಾ ಸಂಸ್ಕೃತಿ, ಕಾಲ, ಮಾಧ್ಯಮ. ಕೆಳಗೆ ಯಾರು ಮಾಡಿಸಿದರು, ಯಾಕೆ ಹೀಗೆ ಕಾಣುತ್ತೆ ಅಂತ ಎರಡು ಸಾಲು. ಖಜುರಾಹೊದ ಲಕ್ಷ್ಮಣ ದೇಗುಲಕ್ಕೆ ‘ಚಂದೇಲರು, ಮರಳುಗಲ್ಲು’ ಅಂತ ಬರೆದು ನಿಲ್ಲಿಸಬೇಡ. ಎತ್ತರದ ಜಗತಿ, ನಾಲ್ಕು ಮೂಲೆಯ ಗುಡಿಗಳು ಯಾಕೆ ಅಂತಲೂ ಬರಿ. ಅಂಕ ಇರೋದು ಆ ‘ಯಾಕೆ’ಗೆ.

ಇನ್ನು ಸಮಯ. ಒಂದು ಗಂಟೆಗೆ 80 ಬಹು ಆಯ್ಕೆ ಪ್ರಶ್ನೆ, ಆಮೇಲೆ ಎರಡು ಗಂಟೆಗೆ ಆರು ಬರಹ. ಮೊದಲನೆಯ ಹೋಲಿಕೆ ಪ್ರಬಂಧಕ್ಕೆ 35 ನಿಮಿಷ, ಎರಡನೆಯದಕ್ಕೆ 25, ಉಳಿದ ನಾಲ್ಕಕ್ಕೆ ತಲಾ 15. ಹೋಲಿಕೆಯಲ್ಲೇ 50 ನಿಮಿಷ ಮುಳುಗಿದವರು ಕೊನೆಯ ಒಂದು ಪ್ರಶ್ನೆಯನ್ನಾದರೂ ಖಾಲಿ ಬಿಡ್ತಾರೆ. ಅಲ್ಲಿಗೆ ಐದು ಅಂಕ ಹೋದಂಗೇ.

ತುಂಗಭದ್ರೆ_ದಂಡೆ:
ಆ ಆರು ಬರಹಗಳಲ್ಲಿ ಮೂರನೇ ಪ್ರಶ್ನೆಯ ಕೃತಿ ಆ 250ರಲ್ಲಿ ಇರಲ್ಲ, ನೋಡಿಯೇ ಬರೆಯಬೇಕು. ಅದಕ್ಕೆ ಬಸ್ ಹತ್ತಿ ಹರಿಹರಕ್ಕೆ ಬನ್ನಿ. ಹರಿಹರೇಶ್ವರ ದೇಗುಲ ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ್ದು. ಬರೆಯುವಾಗ ಅದೆಲ್ಲ ಮರೆತುಬಿಡಿ. 15 ನಿಮಿಷ ಕಣ್ಣಿಗೆ ಕಂಡಿದ್ದು ಮಾತ್ರ: ಕಂಬಗಳ ತಿರುವು, ಮಂಟಪದೊಳಗೆ ಬೆಳಕು ಎಲ್ಲಿಯವರೆಗೆ ಬರುತ್ತೆ, ಒಂದೇ ಮೂರ್ತಿಯಲ್ಲಿ ಬಲಕ್ಕೆ ಹರ, ಎಡಕ್ಕೆ ಹರಿ ಅಂತ ಶಿಲ್ಪಿ ಯಾವುದರಿಂದ ತೋರಿಸಿದ. ‘ಬಹಳ ಸುಂದರವಾಗಿದೆ’ ಅನ್ನೋ ವಾಕ್ಯಕ್ಕೆ ಸೊನ್ನೆ.

ಚಂದ್ರವಳ್ಳಿ:
ವರ್ಲ್ಡ್ ಹಿಸ್ಟರಿ 1200ರ ಆಸುಪಾಸಿನಿಂದ ಶುರು. ಹರಪ್ಪ, ರೋಮ್ ಓದ್ತಾ ಕೂರಬೇಡಿ. ಕಷ್ಟದ್ದು ಡಿಬಿಕ್ಯು, ಅಂದರೆ ಕೊಟ್ಟ ದಾಖಲೆಗಳನ್ನು ಆಧರಿಸಿ ಬರೆಯೋ ಪ್ರಬಂಧ: ಏಳು ದಾಖಲೆ, 60 ನಿಮಿಷ, ಏಳು ಅಂಕ. ದಾಖಲೆಗಳ ಸಾರಾಂಶವನ್ನು ಒಂದಾದ ಮೇಲೊಂದು ಬರೆದುಕೊಂಡು ಹೋಗೋದೇ ಎಲ್ಲರೂ ಮಾಡೋ ತಪ್ಪು. ಮೊದಲು ನಿಮ್ಮ ವಾದ ಒಂದು ವಾಕ್ಯದಲ್ಲಿ. ಅದಕ್ಕೆ ಕನಿಷ್ಠ ನಾಲ್ಕು ದಾಖಲೆಗಳ ಆಧಾರ. ಎರಡಕ್ಕಾದರೂ, ಹೇಳಿದವರು ಯಾರು, ಯಾರಿಗೆ, ಯಾವ ಉದ್ದೇಶಕ್ಕೆ ಅನ್ನೋದು ವಾದಕ್ಕೆ ಯಾಕೆ ಮುಖ್ಯ ಅಂತ ವಿವರಿಸಿ. ದಾಖಲೆಯಾಚೆಗಿನ ಒಂದು ಪುರಾವೆಯೂ ಬೇಕು. 1779ರಲ್ಲಿ ನಮ್ಮ ದುರ್ಗ ಹೈದರಾಲಿಯ ವಶವಾಗಿದ್ದನ್ನೂ ತರಬಹುದು, ಪ್ರಶ್ನೆಗೆ ಹೊಂದಿದರೆ ಮಾತ್ರ; ಹೇಗೆ ಹೊಂದುತ್ತೆ ಅಂತ ಬಿಡಿಸಿ ಹೇಳದಿದ್ದರೆ ಅಂಕ ಬರಲ್ಲ.

ಪಿಬಿ_ರೋಡ್:
ಸೆಂಟರ್ ಹೇಗೆ ಸರ್?

ದುರ್ಗದ_ಮೇಷ್ಟ್ರು:
ಬೆಂಗಳೂರಿನ ಕೇಂದ್ರಗಳನ್ನ ವಿಚಾರಿಸು. ಹೊರಗಿನವರನ್ನ ಎಲ್ಲರೂ ಸೇರಿಸಿಕೊಳ್ಳಲ್ಲ, ಗಡುವೂ ನವೆಂಬರ್‌ನಲ್ಲೇ ಮುಗಿಯುತ್ತೆ, ಈಗಲೇ ಫೋನ್ ಮಾಡು. ಎರಡೂ ಪರೀಕ್ಷೆ ಈಗ ಕಂಪ್ಯೂಟರಲ್ಲೇ, ಕಾಲೇಜ್ ಬೋರ್ಡ್‌ನ ಬ್ಲೂಬುಕ್ ಆ್ಯಪ್‌ನಲ್ಲಿ. ಪ್ರಬಂಧ ಟೈಪ್ ಮಾಡಬೇಕು, ಅದೂ ಇಂಗ್ಲಿಷಲ್ಲಿ. ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶಕ್ಕೆ ಪಳಗಿದ ಕೈಗೆ ಬೇರೆ ಅಭ್ಯಾಸವೇ ಬೇಕಾಗುತ್ತೆ.