ರೋಸ್ಟ್ ಗಟ್ಟಿಯೋ ನಮ್ ಗ್ರೂಪ್ ಗಟ್ಟಿಯೋ

ಸೋಮವಾರ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ನಡೆದಿದ್ದು. ಗುಡ್ ಮಾರ್ನಿಂಗ್ ಫೋಟೋಗಳನ್ನ ತೆಗೆದಿದೀನಿ, ಉಳಿದಿದ್ದು ಹಾಗೇ ಇದೆ.

ಸರಳತ್ತೆ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಎಚ್ಚರ ಎಚ್ಚರ!! ರೋಸ್ಟ್ ಮಾಡಿದ ಮಾಂಸ ಗಟ್ಟಿಯಾದರೆ ಕೆಟ್ಟಿದೆ ಎಂದೇ ಅರ್ಥ. ಉಳಿದದ್ದನ್ನು ಮತ್ತೆ ಬಿಸಿ ಮಾಡಿದರೆ ವಿಷ!! ಕೂಡಲೇ ಎಸೆಯಿರಿ, ನಿಮ್ಮವರಿಗೆಲ್ಲ ತಿಳಿಸಿ... ಇನ್ನಷ್ಟು ಓದಿ

ಸರಳತ್ತೆ: ಯಾರ ಬಗ್ಗೆನೂ ಅಲ್ಲ, ಸುಮ್ನೆ ಎಲ್ರ ಒಳ್ಳೇದಕ್ಕೆ ಹಾಕ್ದೆ

(ಹಿಂದಿನ ದಿನ ರೋಸ್ಟ್ ಮಾಡಿದ್ದು ಚಿಕ್ಕಿ. ಎಲ್ಲರ ಮನೇಲೂ ಅದರದ್ದೊಂದು ಡಬ್ಬಿ ಇತ್ತು. ಹಾಗಾಗಿ ಯಾರ ಬಗ್ಗೆ ಅಂತ ಯಾರೂ ಕೇಳ್ಲಿಲ್ಲ.)

ಚಿಕ್ಕಿ: ಥ್ಯಾಂಕ್ಸ್ ಅಕ್ಕ. ನಿನ್ನೆ ಎರಡೆರಡು ಸಲ ಬಡಿಸ್ಕೊಂಡ್ರಲ್ಲ, ಚೆನ್ನಾಗೇ ಇದೆ ಅನ್ಕೊಂಡೆ

ಪಲ್ಲವಿ: ಅತ್ತೆ ಇದಕ್ಕೆ ಸೋರ್ಸ್ ಏನು?

ಸರಳತ್ತೆ: ಯಾರೋ ದೊಡ್ಡ ಡಾಕ್ಟರ್ ಹೇಳಿದ್ದಂತೆ

ಪಲ್ಲವಿ: ಯಾವ ಡಾಕ್ಟರ್

ಸರಳತ್ತೆ: ನಿಂಗೆ ಎಲ್ಲದಕ್ಕೂ ಸೋರ್ಸ್ ಬೇಕು, ಗಂಡು ನೋಡೋವಾಗ್ಲೂ ಹಿಂಗೇ ಆಡಿದ್ದೆ

ಪಲ್ಲವಿ: ಅದಕ್ಕೂ ಇದಕ್ಕೂ ಏನ್ ಸಂಬಂಧ ಅತ್ತೆ. ಗಟ್ಟಿಯಾಗೋದು ಬೇರೆ ಕೆಡೋದು ಬೇರೆ. ಬೆಂದ ಎರಡು ಗಂಟೆ ಒಳಗೆ ಫ್ರಿಜ್ಜಿಗೆ ಇಟ್ಟಿದ್ರೆ 3-4 ದಿನ ತಿನ್ಬಹುದು, ಒಳಗಿನವರೆಗೂ 74 ಡಿಗ್ರಿ ಸೆಲ್ಸಿಯಸ್ ಬರೋ ಹಾಗೆ ಬಿಸಿ ಮಾಡ್ಬೇಕು ಅಷ್ಟೇ. ರಾತ್ರಿಯೆಲ್ಲ ಹೊರಗೇ ಇದ್ದಿದ್ದನ್ನ ಎಸೀಲೇಬೇಕು, ಕೆಲವು ಬ್ಯಾಕ್ಟೀರಿಯಾ ಬಿಡೋ ವಿಷ ಕುದಿಸಿದ್ರೂ ಹೋಗಲ್ಲ

ದೊಡ್ಡಪ್ಪ: ಆಹಾರ ಬಿಸಾಡೋದು ಪಾಪ. ಈಗಿನವರಿಗೆ ಹಸಿವು ಅಂದ್ರೇನು ಗೊತ್ತಿಲ್ಲ. ಒಂದೊಂದು ತುತ್ತಿನ ಹಿಂದೆ ಎಷ್ಟು ಜನರ ಬೆವರಿದೆ ಯೋಚಿಸಿ. ಶುಭ ದಿನ.

ಕಿಟ್ಟಿ: ಮಾವ ನಿಮ್ ಡಬ್ಬಿ ನಮ್ ಕಾರಲ್ಲೇ ಬಿಟ್ಟು ಹೋಗಿದೀರ, ರಾತ್ರಿಯಿಂದ ಅಲ್ಲೇ ಇದೆ

ದೊಡ್ಡಪ್ಪ: ವಿಷಯ ಅದಲ್ಲ. ಮೊದಲು ಜೋರು ಉರೀಲಿ ಮೇಲ್ಗಡೆ ಕೆಂಪಗೆ ಹುರಿದಿದ್ರೆ ರಸ ಒಳಗೇ ಸೀಲ್ ಆಗ್ತಿತ್ತು. ನಾನ್ ಹೇಳಿದ್ದೆ. ನನ್ ಮಾತು ಯಾರ್ ಕೇಳ್ತಾರೆ.

ಪಲ್ಲವಿ: ಅಪ್ಪಾ ಸೀಲ್ ಗೀಲ್ ಏನೂ ಆಗಲ್ಲ, ಅದು 19ನೇ ಶತಮಾನದಲ್ಲಿ ಜರ್ಮನಿಯ ಕೆಮಿಸ್ಟ್ ಲೀಬಿಗ್ ಹೇಳಿದ್ದು, ಆಮೇಲೆ ಮಾಂಸ ತೂಕ ಹಾಕಿ ನೋಡಿ ಸುಳ್ಳು ಅಂತ ಆಗಿದೆ. ಹುರಿದ್ರೆ ರುಚಿ ಬರುತ್ತೆ, ರಸ ನಿಲ್ಲಲ್ಲ

ದೊಡ್ಡಪ್ಪ: ಗ್ರೂಪಲ್ಲಿ ಅಪ್ಪನಿಗೆ ಹಿಂಗೆ ಉತ್ತರ ಕೊಡಬಾರದು.

ಕಿಟ್ಟಿ: ಅಜ್ಜಿ ನೆನಪಾಯ್ತು ನೋಡ್ರಪ್ಪ, ಎಂಥ ಮಾಂಸ ಕೊಟ್ರೂ ಮೊದ್ಲು ಎಳೆ ಯಾವ ಕಡೆ ಹೋಗಿದೆ ಅಂತ ಬೆರಳಲ್ಲಿ ಮುಟ್ಟಿ ನೋಡಿ ಆಮೇಲೆ ಅದಕ್ಕೆ ಅಡ್ಡಡ್ಡ ಕಾಗದದ ಥರ ತೆಳ್ಳಗೆ ಕೊಯ್ಯೋರು, ನಾವೆಲ್ಲ ಹಿಂದೆ ನಿಂತ್ಕೊಂಡು ಚೂರು ಕದಿಯೋದು, ಪಲ್ಲವಿ ಚಾಡಿ ಹೇಳೋದು, ನಾನು ಒದೆ ತಿನ್ನೋದು, ಏನ್ ದಿನಗಳು, ಆ ಮನೆ ಮಾರ್ಬಾರ್ದಾಗಿತ್ತು

ಚಿಕ್ಕಪ್ಪ: ಮನೆ ವಿಷಯ ಯಾಕೀಗ

ದೊಡ್ಡಪ್ಪ: ಮಾರೋಣ ಅಂದಿದ್ದು ನಾನಲ್ಲ.

ಸರಳತ್ತೆ: ನನ್ನನ್ನಂತೂ ಒಂದ್ ಮಾತು ಯಾರೂ ಕೇಳ್ಲಿಲ್ಲ

(ಇಲ್ಲಿಂದ ಮಧ್ಯಾಹ್ನದವರೆಗೂ ಮನೆ ಮಾರಿದ ಕಥೆ, ಬಿಟ್ಟಿದೀನಿ. ಎಳೆಗೆ ಅಡ್ಡ ತೆಳ್ಳಗೆ ಕೊಯ್ದ್ರೆ ಉದ್ದುದ್ದ ಎಳೆಗಳು ತುಂಡಾಗಿ ಹಲ್ಲಿಗೆ ಕೆಲಸ ಕಮ್ಮಿ ಆಗುತ್ತೆ, ಅವತ್ತಿನ ಅತಿ ಉಪಯೋಗದ ಮಾತು ಅದೇ. ಹೇಳಿದ ಕಿಟ್ಟಿಗೂ ಅದು ಗೊತ್ತಾಗ್ಲಿಲ್ಲ.)

ಚಿಕ್ಕಿ: ಎಲ್ಲ ಮುಗೀತಾ? ನಮ್ಮನೇಲಿ ಇನ್ನೂ ಅರ್ಧ ರೋಸ್ಟ್ ಇದೆ, ಏನ್ ಮಾಡ್ಲಿ ಅದನ್ನ

ಸರಳತ್ತೆ: ಪರಂಗಿಕಾಯಿ ತುರಿದು ಹಚ್ಚಿಡು

ಪಲ್ಲವಿ: ಬೆಳಗ್ಗೆ ವಿಷ ಅಂದ್ರಿ, ಈಗ ಪರಂಗಿಕಾಯಾ? ಅದರಲ್ಲಿರೋ ಪಪೇನ್ ಅನ್ನೋ ಕಿಣ್ವ ಮಾಂಸದ ಪ್ರೋಟೀನನ್ನ ಕತ್ತರಿಸುತ್ತೆ ನಿಜ, ಆದ್ರೆ ಆಳಕ್ಕೆ ಇಳಿಯಲ್ಲ, ಮೇಲೆ ಪಿಚಪಿಚ ಒಳಗೆ ಹಾಗೇ ಗಟ್ಟಿ. ಚಿಕ್ಕಿ ಅದು ಯಾವ ಭಾಗ?

ಚಿಕ್ಕಿ: ಭುಜದ್ದು

ಪಲ್ಲವಿ: ಹಾಗಾದ್ರೆ ಬಚಾವ್. ಬೆನ್ನಿನ ಕಡೆ ಕೊಬ್ಬು ನಾರು ಇಲ್ಲದ ಮಾಂಸ ಗಟ್ಟಿಯಾದ್ರೆ ಅದು ಜಾಸ್ತಿ ಬೆಂದು ನೀರೆಲ್ಲ ಹಿಂಡಿ ಹೋಗಿರೋದು, ಅದಕ್ಕೆ ಮತ್ತೆ ಎಷ್ಟು ಕುದಿಸಿದ್ರೂ ಪ್ರಯೋಜನ ಇಲ್ಲ, ತೆಳ್ಳಗೆ ಕೊಯ್ದೋ ಕೈಮಾ ಮಾಡಿಯೋ ಬಿಸಿ ಗ್ರೇವಿಗೆ ಕೊನೇಲಿ ಹಾಕ್ಬೇಕು. ಭುಜದ್ದು ಉಲ್ಟಾ, ಅದು ಸಾಮಾನ್ಯವಾಗಿ ಸಾಕಷ್ಟು ಹೊತ್ತು ಬೇಯದೇ ಗಟ್ಟಿ ಇರುತ್ತೆ. ಅದರಲ್ಲಿ ಕೊಲಾಜನ್ ಅನ್ನೋ ಗಟ್ಟಿ ನಾರು ಜಾಸ್ತಿ, 70 ಡಿಗ್ರಿ ದಾಟಿ ಗಂಟೆಗಟ್ಟಲೆ ನೀರಲ್ಲಿ ಸಣ್ಣ ಉರೀಲಿ ಇದ್ರೆ ಅದು ಕರಗಿ ಜೆಲಾಟಿನ್ ಆಗಿ ಮೆತ್ತಗಾಗುತ್ತೆ. ಅಷ್ಟು ಪುರುಸೊತ್ತಿಲ್ಲ ಅಂದ್ರೆ ಕುಕ್ಕರ್, ಒಳಗೆ 120 ಡಿಗ್ರಿ ಹತ್ತಿರ ಹೋಗುತ್ತೆ, ಬೇಗ ಆಗುತ್ತೆ

ದೊಡ್ಡಪ್ಪ: ಇಷ್ಟುದ್ದ ಮೆಸೇಜ್ ಯಾರು ಓದ್ತಾರೆ.

ಚಿಕ್ಕಿ: ಕುಕ್ಕರ್ರಾ. ನನ್ ದೊಡ್ಡ ಕುಕ್ಕರ್ ಸರಳಕ್ಕನ ಮನೇಲಿದೆ, ಪಲ್ಲವಿ ಮದ್ವೆ ಟೈಮಲ್ಲಿ ಒಂದ್ ದಿನಕ್ಕೆ ಅಂತ ತಗೊಂಡಿದ್ದು

ಕಿಟ್ಟಿ: ಅಯ್ಯೋ ಅದು ನಿಮ್ದಾ ಅತ್ತೆ? ನಮ್ದೇ ಅನ್ಕೊಂಡಿದ್ದೆ

ಸರಳತ್ತೆ: ಕಿಟ್ಟಿ ನೀನು ಸುಮ್ನಿರು

ನಾನು: ಸರಳತ್ತೆ, ನೀವು ಬೆಳಗ್ಗೆ ಕಳಿಸಿದ್ದರಲ್ಲಿ "ಇನ್ನಷ್ಟು ಓದಿ" ಒತ್ತಿ ನೋಡಿದ್ರಾ? ಕೆಳಗೆ "ಮೇಲಿನ ಸಂದೇಶ ಸುಳ್ಳು, ಗಟ್ಟಿ ಮಾಂಸವನ್ನು ಎಸೆಯಬೇಡಿ, ನಿಧಾನವಾಗಿ ಬೇಯಿಸಿ ಬಳಸಿ" ಅಂತಿದೆ

(ಐದು ನಿಮಿಷ ಯಾರೂ ಟೈಪ್ ಮಾಡ್ಲಿಲ್ಲ. ನಮ್ ಗ್ರೂಪಿಗೆ ಅದು ದೊಡ್ಡ ವಿಷಯ.)

ಸರಳತ್ತೆ: ಬೆಳಗ್ಗಿಂದ ನಾನ್ ಹೇಳ್ತಿರೋದೂ ಅದೇ ತಾನೆ

ದೊಡ್ಡಪ್ಪ: ಸರಳ ಹೇಳಿದ್ದು ಸರಿ ಇದೆ. ಆಹಾರ ಬಿಸಾಡಬಾರದು.

ಪಲ್ಲವಿ: ನಾನು ಈ ಗ್ರೂಪನ್ನ ಮ್ಯೂಟ್ ಮಾಡ್ತಿದೀನಿ

ಚಿಕ್ಕಿ: ಅದಿರಲಿ ಅಕ್ಕ, ಸಂಜೆ ಬರ್ತೀನಿ, ಕುಕ್ಕರ್ ತೆಗೆದಿಟ್ಟಿರಿ

ಸರಳತ್ತೆ: ಬಾ. ಬರೋವಾಗ ಹೊಸ ಗ್ಯಾಸ್ಕೆಟ್ ತಗೊಂಡ್ ಬಾ, ನೀನು ಕೊಟ್ಟಾಗ್ಲೇ ಅದು ಹೋಗಿತ್ತು