ತೋಟದ ಮನೆಯ ಹಳೇ ನೀಲಿ ಐಮ್ಯಾಕ್: ಉಳಿಸಿಕೊಳ್ಳುವುದು ಹೇಗೆ?

ಮೂಡಿಗೆರೆ_ಮಳೆ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮ ದೊಡ್ಡಪ್ಪನ ಕಾಫಿ ತೋಟ ಇದೆ. ಅಲ್ಲಿನ ಆಫೀಸ್ ರೂಮಿನಲ್ಲಿ ಒಂದು ನೀಲಿ ಐಮ್ಯಾಕ್ ಜಿ3 (ಪರದೆ, ಕಂಪ್ಯೂಟರ್ ಎರಡೂ ಒಂದೇ ಡಬ್ಬದಲ್ಲಿರುವ ಆಪಲ್ ಕಂಪನಿಯ ಮಾದರಿ) ಹಾಗೇ ಕೂತಿದೆ. ಅಮೆರಿಕದಲ್ಲಿದ್ದ ಅಣ್ಣ 1999ರಲ್ಲಿ ತಂದುಕೊಟ್ಟಿದ್ದು. ಸಿಡಿ ಟ್ರೇ ಹೊರಗೆ ಬರುವ ಮಾದರಿ. ಡಬ್ಬದ ಮೇಲೆ 266 ಮೆಗಾಹರ್ಟ್ಸ್, 32 ಎಂಬಿ ರ್‍ಯಾಮ್, 6 ಜಿಬಿ ಡಿಸ್ಕ್ ಎಂದಿದೆ. ದೊಡ್ಡಮ್ಮ ಕ್ರೋಶಾ ಹಾಕಿದ ಬಟ್ಟೆ ಇನ್ನೂ ಅದರ ತಲೆ ಮೇಲಿದೆ. ಹತ್ತು ಹದಿನೈದು ವರ್ಷದಿಂದ ಯಾರೂ ಆನ್ ಮಾಡಿಲ್ಲ.

ಮನೆಯವರು ಗುಜರಿಗೆ ಹಾಕೋಣ ಅನ್ನುತ್ತಿದ್ದಾರೆ. ನನಗೆ ಮನಸ್ಸು ಬರುತ್ತಿಲ್ಲ. ಆ ಕಾಲದಲ್ಲಿ ನಮ್ಮ ಶಾಲೆಯ ಕಂಪ್ಯೂಟರ್ ಲ್ಯಾಬಿಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು, ಮೇಷ್ಟ್ರು ಹೇಳದೆ ಏನನ್ನೂ ಮುಟ್ಟುವ ಹಾಗಿರಲಿಲ್ಲ, ಎಲ್ಲವೂ ಮಾಸಲು ಬಣ್ಣದ ಡಬ್ಬಗಳು, ಹಿಂದೆ ನೋಡಿದರೆ ವೈರಿನ ಗೊಂಚಲು. ತೋಟದ ಮನೆಗೆ ಬಂದರೆ ಇದು. ಒಂದು ವೈರು ಗೋಡೆಗೆ, ಒಂದು ವೈರು ಫೋನಿಗೆ, ಮುಗೀತು. ಬೆನ್ನಿನ ಪ್ಲಾಸ್ಟಿಕ್ಕಿನಲ್ಲಿ ಒಳಗಿನದ್ದೆಲ್ಲ ಮಸುಕಾಗಿ ಕಾಣುತ್ತಿತ್ತು. ರಜೆ ಪೂರ್ತಿ ನಾವೆಲ್ಲ ಅದರ ಮುಂದೆ ಕೂತು ನ್ಯಾನೋಸಾರ್ ಆಡುತ್ತಿದ್ದೆವು. ಬೈಯುವವರೇ ಇರಲಿಲ್ಲ.

ಇನ್ನೊಂದು ವಿಷಯ. ದೊಡ್ಡಪ್ಪ ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿ) ಲೆಕ್ಕದ ಜೊತೆಗೆ ತೋಟದ ಮಳೆ ಲೆಕ್ಕವನ್ನೂ ಅದರಲ್ಲೇ ಬರೆದಿಡುತ್ತಿದ್ದರು. ದಿನಾ ಬೆಳಗ್ಗೆ ಇಂಚು, ಸೆಂಟ್ ಲೆಕ್ಕದಲ್ಲಿ. ಕಾಫಿ ಹೂ ಅರಳಿಸುವ ಬ್ಲಾಸಮ್ ಮಳೆ ಯಾವ ದಿನ ಬಂತು, ಅದರ ಬೆನ್ನಿಗೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನ ತಡ ಆಯ್ತು, ಎಲ್ಲ. ಆ ವರ್ಷಗಳ ಪುಸ್ತಕ ಈಗ ಇಲ್ಲ. ಅವರೂ ಇಲ್ಲ.

ನೇರವಾಗಿ ಪ್ಲಗ್ ಹಾಕಿ ಆನ್ ಮಾಡಬಹುದಾ? ಆ ಫೈಲುಗಳು ಸಿಗುತ್ತವಾ? ಗೆಳೆಯನೊಬ್ಬ ಪಿಕ್ಚರ್ ಟ್ಯೂಬ್ ತೆಗೆದು ಹೊಸ ಚಪ್ಪಟೆ ಪರದೆಯ ಪ್ಯಾನೆಲ್ ಕೂರಿಸಿಬಿಡು ಅನ್ನುತ್ತಿದ್ದಾನೆ, ಅದು ಸರೀನಾ?

ಸೀರೀಸ್_ಲ್ಯಾಂಪ್_ಹಾಸನ

ದಯವಿಟ್ಟು ಪ್ಲಗ್ ಹಾಕಬೇಡಿ. ಮೊದಲು ಇಷ್ಟು ಓದಿ.

ನಾನು ಹಾಸನದಲ್ಲಿ ಟಿವಿ ರಿಪೇರಿ ಮಾಡುತ್ತಿದ್ದವನು. ಮಲೆನಾಡಿನಿಂದ ಬರುವ ಸೆಟ್ಟುಗಳನ್ನು ಕಂಡಕೂಡಲೇ ಗೊತ್ತಾಗುತ್ತಿತ್ತು, ಬೋರ್ಡಿನ ಮೇಲೆ ಹಸಿರು ಕಿಲುಬು, ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಎಲ್‌ಓಟಿ ಟ್ರಾನ್ಸ್‌ಫಾರ್ಮರ್ ಸುತ್ತ ಧೂಳು ತೇವ ಕುಡಿದು ಅಂಟು ಅಂಟಾಗಿರುತ್ತಿತ್ತು. ಅಂಥದ್ದಕ್ಕೆ ಒಮ್ಮೆಲೇ ಕರೆಂಟ್ ಕೊಟ್ಟರೆ ಆ ಧೂಳಿನ ಮೇಲೇ ಕಿಡಿ ಹಾರುತ್ತದೆ. ಸುಮ್ನೆ ಇಟ್ಟ ಕಂಡೆನ್ಸರುಗಳೂ ದುರ್ಬಲ ಆಗಿರುತ್ತವೆ.

ಮೊದಲು ಒಣಗಿಸಿ. ಬಿಸಿಲಿಗೆ ಇಡಬೇಡಿ, ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಗಾಳಿ ಆಡುವ ಒಣ ಕೋಣೆಯಲ್ಲಿ ಕೆಲವು ದಿನ ಇರಲಿ. ಆ ಬಟ್ಟೆಯನ್ನು ಬೇರೆ ಕಡೆ ತೆಗೆದಿಡಿ, ಶಾಖ ಹೊರಗೆ ಹೋಗುವ ತೂತುಗಳನ್ನು ಅದು ಮುಚ್ಚುತ್ತದೆ. ಆಮೇಲೆ ಹಿಂದೆ ಬರೆದಿರುವ ವೋಲ್ಟೇಜ್ ನೋಡಿ, ಹೊರದೇಶದ ಸಾಮಾನು ಅಲ್ವಾ. ಮೊದಲ ಸಲ ಕರೆಂಟ್ ಕೊಡುವುದು ಸೀರೀಸ್ ಲ್ಯಾಂಪ್ ಮೂಲಕ. ಹಳೇ ಟಿವಿ ಮೆಕ್ಯಾನಿಕ್ ಯಾರ ಹತ್ತಿರವಾದರೂ ಆ ಬೋರ್ಡ್ ಇರುತ್ತದೆ, ಸೆಟ್ಟಿಗೆ ಹೋಗುವ ಲೈನಿನಲ್ಲಿ ಒಂದು ದೊಡ್ಡ ಬಲ್ಬು, ಅಷ್ಟೇ. ಬಲ್ಬು ಜೋರಾಗಿ ಹತ್ತಿ ಮಂದ ಆದರೆ ಒಳ್ಳೆಯದು. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ತಕ್ಷಣ ತೆಗೆಯಿರಿ.

ಟ್ಯೂಬಿನ ಕಡೆಗೆ ನೀವಾಗಿ ಕೈ ಹಾಕಬೇಡಿ. ಕಲರ್ ಟ್ಯೂಬಿಗೆ 20 ಸಾವಿರ ವೋಲ್ಟಿಗಿಂತ ಜಾಸ್ತಿ ಹೋಗುತ್ತದೆ. ಆಫ್ ಮಾಡಿ ಪ್ಲಗ್ ಕಿತ್ತ ಮೇಲೂ ಗಾಜಿನಲ್ಲಿ ಚಾರ್ಜ್ ಉಳಿಯಬಹುದು. ಆನೋಡ್ ಕ್ಯಾಪನ್ನು (ಟ್ಯೂಬಿಗೆ ಹೈ ವೋಲ್ಟೇಜ್ ವೈರ್ ಸೇರುವ ರಬ್ಬರ್ ಟೋಪಿ) ಡಿಸ್ಚಾರ್ಜ್ ಮಾಡಿ ಅಭ್ಯಾಸ ಇದ್ದವರೇ ಬಿಚ್ಚಬೇಕು.

ಮೋಡೆಮ್ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ನಿಮ್ಮ ಕಡೆ ಮುಂಗಾರಿಗೆ ಮುಂಚಿನ ಸಿಡಿಲು ಫೋನ್ ಲೈನಿನಲ್ಲೇ ಬಂದು ಎಷ್ಟು ಮೋಡೆಮ್ ಸುಟ್ಟಿದೆಯೋ ಲೆಕ್ಕ ಇಲ್ಲ.

ಕಾಡುಮನೆ_ಕೋಡರ್

ನಾನು ನಿಮ್ಮ ಗೆಳೆಯನ ಪರ. 15 ಇಂಚಿನ ಟ್ಯೂಬಿಗೆ ಇಷ್ಟು ಕಷ್ಟ ಯಾಕೆ? ಅದರ ಆಪರೇಟಿಂಗ್ ಸಿಸ್ಟಮ್, ಮ್ಯಾಕ್ ಓಎಸ್, 10.3.9 ಆದ ಮೇಲೆ ಮುಂದೆ ಹೋಗಲು ಆಗಲ್ಲ. ಈಗಿನ ವೆಬ್‌ಸೈಟುಗಳ ಭದ್ರತೆಯ ವ್ಯವಸ್ಥೆ ಹಳೇ ಬ್ರೌಸರಿಗೆ ಅರ್ಥವೇ ಆಗುವುದಿಲ್ಲ, ಪುಟವೇ ತೆರೆಯಲ್ಲ. ಹೊರಗಿನ ಚಿಪ್ಪು ಇಟ್ಟುಕೊಂಡು ಒಳಗೆ ಚಿಕ್ಕ ಪ್ಯಾನೆಲ್, ಚಿಕ್ಕ ಬೋರ್ಡ್ ಹಾಕಿದರೆ ಮನೆಯವರು ದಿನಾ ಬಳಸುತ್ತಾರೆ. ಬಳಸುವ ವಸ್ತು ಉಳಿಯುತ್ತದೆ, ನೋಡಲು ಇಟ್ಟದ್ದು ಮತ್ತೆ ಮೂಲೆ ಸೇರುತ್ತದೆ. ಇದು ನನ್ನ ಅಭಿಪ್ರಾಯ, ಬೇಜಾರು ಮಾಡಿಕೊಳ್ಳಬೇಡಿ.

ಅಚ್ಚುಮೊಳೆ

ಬೇಜಾರಿಲ್ಲ ಕೋಡರ್ ಅವರೇ, ಆದರೆ ನಾನು ಒಪ್ಪುವುದಿಲ್ಲ.

ನನ್ನ ಕಸುಬು ಪ್ರಿಂಟಿಂಗ್. ಮೊಳೆ, ಅಂದರೆ ಲೋಹದ ಅಕ್ಷರದ ಅಚ್ಚು, ಜೋಡಿಸುವುದರಿಂದ ಶುರು ಮಾಡಿದವನು. ನಮ್ಮ ಪ್ರೆಸ್ಸಿಗೆ ಬಂದ ಮೊದಲ ಕಂಪ್ಯೂಟರ್ ಆಪಲ್‌ನದೇ ಮ್ಯಾಕಿಂಟಾಷ್ ಕ್ಲಾಸಿಕ್, ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದಿದ್ದು. 1990ರ ಮಾದರಿ. ಒಂಬತ್ತು ಇಂಚಿನ ಕಪ್ಪು ಬಿಳುಪು ಪರದೆ, ಅಡ್ಡ 512 ಚುಕ್ಕೆ, ಉದ್ದ 342 ಚುಕ್ಕೆ, ಅದೇ ಡಬ್ಬದಲ್ಲಿ ಎಲ್ಲವೂ. ಚಿಕ್ಕದು ಅನಿಸಬಹುದು. ಆದರೆ ಒಂದು ಇಂಚಿಗೆ 72 ಚುಕ್ಕೆ ಎಂದು ಲೆಕ್ಕ ಹಾಕಿ ಮಾಡಿದ ಪರದೆ ಅದು. ಅಚ್ಚಿನ ಮನೆಯ ಪಾಯಿಂಟ್ ಅಳತೆಗೆ ಹೊಂದುವ ಲೆಕ್ಕ, ಇಂಚಿಗೆ 72 ಪಾಯಿಂಟ್. ಪರದೆಯಲ್ಲಿ ಒಂದು ಇಂಚು ಅಂದರೆ ಕಾಗದದಲ್ಲೂ ಒಂದು ಇಂಚು. ಲಗ್ನಪತ್ರಿಕೆ ಮಾಡಿಸಲು ಬಂದವರಿಗೆ ಪರದೆ ಮೇಲೇ ಕಾರ್ಡ್ ಹಿಡಿದು ಅಳತೆ ತೋರಿಸುತ್ತಿದ್ದೆ. ಈಗ ಯಾವ ಪರದೆಯಲ್ಲಿ ಹಾಗೆ ತೋರಿಸಲು ಆಗುತ್ತದೆ ಹೇಳಿ?

ಕನ್ನಡದ ಒತ್ತಕ್ಷರ ಮಾತ್ರ ಆ 72 ಚುಕ್ಕೆಯಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ. ‘ಸ್ತ್ರೀ’ ಅಂತ ಹಾಕಿದರೆ ಕೆಳಗೆ ಒಂದು ಕರಿ ಮುದ್ದೆ. ಲೇಸರ್ ಪ್ರಿಂಟರಿನಲ್ಲಿ 300 ಚುಕ್ಕೆಗೆ ಹೊರಬಂದಾಗ ತಕಾರದ ಒತ್ತು, ರಕಾರದ ಒತ್ತು ಬೇರೆ ಬೇರೆಯಾಗಿ, ಸ್ವಚ್ಛವಾಗಿ ನಿಂತಿರುತ್ತಿದ್ದವು. ಸವೆದ ಮೊಳೆಗಳಲ್ಲಿ ಒತ್ತು ಮುರಿದು ಮುರಿದು ಬೇಸತ್ತಿದ್ದ ನನಗೆ ಆ ಬಿಸಿ ಕಾಗದ ಕೈಯಲ್ಲಿ ಹಿಡಿದಾಗ ಆದ ಸಂತೋಷ ಈಗಲೂ ಇದೆ.

ಆ ಕ್ಲಾಸಿಕ್‌ನ ಹಾರ್ಡ್ ಡಿಸ್ಕ್ ಸತ್ತು ಎಷ್ಟೋ ಕಾಲ ಆಯ್ತು. ಆದರೂ ಅದು ಶುರು ಆಗುತ್ತದೆ. ಆನ್ ಮಾಡುವಾಗ ಕಮಾಂಡ್, ಆಪ್ಶನ್, ಎಕ್ಸ್, ಓ ನಾಲ್ಕೂ ಕೀ ಒಟ್ಟಿಗೆ ಒತ್ತಿ ಹಿಡಿದರೆ ಆರ್‌ಓಎಂ (ROM) ಚಿಪ್ ಒಳಗೇ ಶಾಶ್ವತವಾಗಿ ಅಡಗಿರುವ ಆಪರೇಟಿಂಗ್ ಸಿಸ್ಟಮ್, ಸಿಸ್ಟಮ್ 6.0.3, ಎದ್ದು ಬರುತ್ತದೆ. ಡಿಸ್ಕೂ ಬೇಡ, ಫ್ಲಾಪಿಯೂ ಬೇಡ. ಮಾಡಿದವರು ಎಷ್ಟು ಯೋಚನೆ ಮಾಡಿದ್ದಾರೆ ನೋಡಿ.

ನಿಮ್ಮ ಐಮ್ಯಾಕ್ ಕೂಡ ಅದೇ ವಂಶದ್ದು. 1998ರಲ್ಲಿ ಮೊದಲು ಬಂದಾಗ ಫ್ಲಾಪಿ ಡ್ರೈವ್ ಇಲ್ಲ, ಹಳೇ ಪ್ರಿಂಟರಿನ ವೈರಿಗೆ ಜಾಗ ಇಲ್ಲ, ಬರೀ ಯುಎಸ್‌ಬಿ. ನಮ್ಮಂಥ ಪ್ರೆಸ್ಸಿನವರಿಗೆ ಅದು ದೊಡ್ಡ ತಲೆನೋವೇ, ನಾವು ಪುಟಗಳನ್ನು ಓಡಾಡಿಸುತ್ತಿದ್ದುದೇ ಫ್ಲಾಪಿಯಲ್ಲಿ. ಆದರೆ ಮೇಲೆ ಹಿಡಿ ಇಟ್ಟರಲ್ಲ, ಅದರ ಬಗ್ಗೆ ವಿನ್ಯಾಸಕಾರ ಜೋನಿ ಐವ್ ಹೇಳಿರುವುದು ನನಗೆ ಬಹಳ ಹಿಡಿಸಿತು. ಕಂಪ್ಯೂಟರ್ ಕಂಡು ಹೆದರುವ ಜನ ಅದನ್ನು ಮುಟ್ಟಲಿ ಎಂದು ಆ ಹಿಡಿ. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಿದ್ದ ನಿಮಗೆ ಇದು ಬೇರೆ ಥರ ಅನಿಸಿದ್ದು ಅದಕ್ಕೇ.

ಹಾಗಾಗಿ ಟ್ಯೂಬ್ ಕಿತ್ತು ಹಾಕಬೇಡಿ. ಆ ಚಿಪ್ಪಿನ ಆಕಾರ ಹಾಗಿರುವುದೇ ಒಳಗೆ ಟ್ಯೂಬ್ ಇರುವುದಕ್ಕೆ. ಕಿತ್ತ ಟ್ಯೂಬ್ ಗುಜರಿಗೆ ಹೋದರೆ ತಾಮ್ರಕ್ಕಾಗಿ ಒಡೆಯುತ್ತಾರೆ, ಆ ಗಾಜಿನಲ್ಲಿ ಸೀಸ ಇದೆ. ವೆಬ್ ನೋಡಲು ನಿಮ್ಮ ಜೇಬಿನಲ್ಲಿ ಫೋನ್ ಇದೆಯಲ್ಲ. ಇದು ಏನು ಮಾಡಲು ಹುಟ್ಟಿತೋ ಅದನ್ನೇ ಮಾಡಲಿ.

ಕಾಡುಮನೆ_ಕೋಡರ್

ಪರದೆ ಮೇಲೆ ಕಾರ್ಡ್ ಹಿಡಿದು ಅಳತೆ ತೋರಿಸುವುದು ನನಗೆ ಗೊತ್ತೇ ಇರಲಿಲ್ಲ ಸರ್. ಟ್ಯೂಬ್ ಚೆನ್ನಾಗಿದ್ದರೆ ಇರಲಿ, ಒಪ್ಪಿದೆ. ಸತ್ತಿದ್ದರೆ ಮಾತ್ರ ನನ್ನ ದಾರಿ ನೋಡಿ.

ಮಳೆ ಲೆಕ್ಕದ ವಿಷಯ ಹೇಳುತ್ತೇನೆ, ಇದು ನನ್ನ ಕೆಲಸ. ನಿಮ್ಮದು ಟ್ರೇ ಮಾದರಿ, ಅದೇ ಅದೃಷ್ಟ. ಮೆತ್ತನೆಯ ಕಂಬಳಿ ಮೇಲೆ ಪರದೆ ಕೆಳಗೆ ಬರುವಂತೆ ಮಲಗಿಸಿ ಹಿಂಬದಿಯ ಕೆಳಗಿನ ಮುಚ್ಚಳ ತೆಗೆದರೆ ಬೋರ್ಡು, ಸಿಡಿ ಡ್ರೈವ್, ಹಾರ್ಡ್ ಡಿಸ್ಕ್ ಎಲ್ಲ ಒಂದೇ ಚೌಕಟ್ಟಿನಲ್ಲಿ ಹೊರಗೆ ಜಾರಿ ಬರುತ್ತದೆ. ಟ್ಯೂಬಿನ ತಂಟೆಗೆ ಹೋಗಬೇಕಿಲ್ಲ. ಅಲ್ಲೇ 3.6 ವೋಲ್ಟಿನ ಗಿಡ್ಡ ಲಿಥಿಯಂ ಬ್ಯಾಟರಿ ಕಾಣುತ್ತದೆ, ಮೊದಲು ಅದನ್ನು ತೆಗೆಯಿರಿ, ಸೋರಿ ಬೋರ್ಡ್ ತಿನ್ನುವ ಮುಂಚೆ.

ಡಿಸ್ಕ್ ಸಾಮಾನ್ಯ ಐಡಿಇ, ಹಳೇ ಕಾಲದ ಅಗಲ ಕೇಬಲ್ಲಿನ ಜೋಡಣೆಯದ್ದು. ಯುಎಸ್‌ಬಿ ಅಡಾಪ್ಟರ್ ಹಾಕಿ ಲಿನಕ್ಸ್ ಇರುವ ಕಂಪ್ಯೂಟರಿಗೆ ಸಿಕ್ಕಿಸಿ. ವಿಂಡೋಸ್ ಅದನ್ನು ಓದಲ್ಲ, ‘ಫಾರ್ಮ್ಯಾಟ್ ಮಾಡಲಾ’ ಎಂದು ಕೇಳಿದರೆ ಖಂಡಿತ ಹೂಂ ಅನ್ನಬೇಡಿ. ಫೈಲು ಹುಡುಕುವ ಮೊದಲು ಇಡೀ ಡಿಸ್ಕಿನ ಇಮೇಜ್, ಅಂದರೆ ಇದ್ದದ್ದನ್ನು ಇದ್ದ ಹಾಗೇ ಒಂದೇ ಫೈಲಿಗೆ ನಕಲು, ತೆಗೆಯಿರಿ. ಹಳೇ ಡಿಸ್ಕ್ ಎಷ್ಟು ಹೊತ್ತು ತಿರುಗುತ್ತದೆ ಎಂದು ನಂಬುವ ಹಾಗಿಲ್ಲ. ಅಂಕಿಗಳು ಆಪಲ್‌ವರ್ಕ್ಸ್ ಎಂಬ ಬರಹ-ಲೆಕ್ಕದ ಸಾಫ್ಟ್‌ವೇರಿನಲ್ಲಿ ಇರಬಹುದು, ಐಮ್ಯಾಕ್ ಜೊತೆಗೇ ಬರುತ್ತಿತ್ತು. ಲಿಬ್ರೆ ಆಫೀಸಿನಲ್ಲಿ ತೆರೆದು ನೋಡಿ.

ಅಚ್ಚುಮೊಳೆ

ದೊಡ್ಡಪ್ಪ ಕನ್ನಡದಲ್ಲಿ ಏನಾದರೂ ಬರೆದಿದ್ದರೆ ಸಿಸ್ಟಮ್ ಫೋಲ್ಡರ್ ಒಳಗಿನ ಫಾಂಟ್ಸ್ ಫೋಲ್ಡರನ್ನೂ ತಪ್ಪದೆ ಉಳಿಸಿ. ಆಗ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಕನ್ನಡ ಬಳಕೆಯಲ್ಲಿರಲಿಲ್ಲ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟುಗಳು. ಆ ಫಾಂಟ್ ಹೋದರೆ ಬರೆದದ್ದೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ.

ಮೂಡಿಗೆರೆ_ಮಳೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಟ್ಟೆ ತೆಗೆದಿಟ್ಟೆ. ಪ್ಲಗ್ ಮುಟ್ಟಿಲ್ಲ. ಗುಜರಿಗೆ ಕೊಡುವುದಿಲ್ಲ ಎಂದು ಮನೆಯಲ್ಲಿ ಹೇಳಿದ್ದೇನೆ, ಮಳೆ ಲೆಕ್ಕ ಸಿಗಬಹುದು ಎಂದ ಕೂಡಲೇ ದೊಡ್ಡಮ್ಮ ನನ್ನ ಪರ ಬಂದರು. ಡಿಸ್ಕ್ ಕೆಲಸ ನಾನೇ ಮಾಡುತ್ತೇನೆ. ಹಾಸನದ ಅಣ್ಣ, ಟ್ಯೂಬ್ ಕಡೆ ನೀವು ಒಂದ್ಸಲ ನೋಡಿಕೊಡುತ್ತೀರಾ? ಹಿಡಿ ಹಿಡಿದು ಎತ್ತಿಕೊಂಡು ಬಂದರೆ ಆಗುತ್ತಾ?

ಸೀರೀಸ್_ಲ್ಯಾಂಪ್_ಹಾಸನ

ಖಂಡಿತ ತನ್ನಿ. ಮೊದಲು ಡಿಸ್ಕ್ ಕೆಲಸ ಮುಗಿಸಿ, ಆಮೇಲೆ ಸೆಟ್ಟು. ಹಿಡಿ ಒಂದನ್ನೇ ನಂಬಬೇಡಿ, 17 ಕೆಜಿ ಭಾರ ಇದೆ, ಪ್ಲಾಸ್ಟಿಕ್ಕಿಗೂ ವಯಸ್ಸಾಗಿದೆ. ಕೆಳಗಿನಿಂದ ಎರಡೂ ಕೈ ಕೊಟ್ಟು ಎತ್ತಿ. ಭಾರ ಎಲ್ಲ ಮುಂದೆ, ಗಾಜಿನ ಕಡೆ ಇರುತ್ತದೆ, ಹಾಗಾಗಿ ಕಾರಿನಲ್ಲಿ ಪರದೆ ಸೀಟಿನ ಬೆನ್ನಿಗೆ ಒರಗುವಂತೆ ಇಟ್ಟು ಬೆಲ್ಟ್ ಹಾಕಿ. ಬೇಲೂರು ಮೇಲೆ ಬನ್ನಿ, ಮಳೆ ಬಿಟ್ಟ ದಿನ ನೋಡಿಕೊಂಡು. ಹೊರಡುವ ಮುಂಚೆ ಒಂದು ಮೆಸೇಜ್ ಹಾಕಿ, ಸೀರೀಸ್ ಬೋರ್ಡ್ ತೆಗೆದಿಟ್ಟಿರುತ್ತೇನೆ.