ದೋಷ ಸ್ಪರ್ಧೆಯದೋ, ಅದಕ್ಕೆ ಕಟ್ಟಿದ ಪಣದ್ದೋ?

ಚರ್ಚೆಯ ವಿಷಯ: ಸ್ಪರ್ಧೆಯು ಮನುಷ್ಯನ ಮೌಲ್ಯಗಳನ್ನೂ ನೆಮ್ಮದಿಯನ್ನೂ ಕೆಡಿಸುತ್ತದೆಯೇ?

ಸಹಪಥಿಕ: ಕೆಡಿಸುತ್ತದೆ ಎಂದೇ ನನ್ನ ಅಭಿಪ್ರಾಯ. 1954ರಲ್ಲಿ ಮನಃಶಾಸ್ತ್ರಜ್ಞ ಮುಜಫರ್ ಶೆರಿಫ್ ಅವರು ಅಮೆರಿಕದ ಒಕ್ಲಹೋಮಾದ ಬೇಸಿಗೆ ಶಿಬಿರವೊಂದರಲ್ಲಿ ಪರಸ್ಪರ ಪರಿಚಯವಿಲ್ಲದ ಹುಡುಗರನ್ನು ಎರಡು ತಂಡಗಳಾಗಿ ಮಾಡಿ, ಗೆದ್ದವರಿಗಷ್ಟೇ ಬಹುಮಾನವೆಂದು ಹೇಳಿ ಪಂದ್ಯಗಳನ್ನು ಆಡಿಸಿದರು. ಕೆಲವೇ ದಿನಗಳಲ್ಲಿ ಬೈಗುಳ ಶುರುವಾಯಿತು, ಬಾವುಟಕ್ಕೆ ಬೆಂಕಿ ಬಿತ್ತು, ಒಬ್ಬರ ಕೋಣೆಗೆ ಇನ್ನೊಬ್ಬರು ನುಗ್ಗಿ ಸಾಮಾನುಗಳನ್ನು ಚೆಲ್ಲಾಪಿಲ್ಲಿ ಮಾಡಿದರು. ಅವರು ಪುಂಡ ಹುಡುಗರೇನಲ್ಲ. ಯಾವ ತಂಟೆ ತಕರಾರೂ ಇಲ್ಲದವರೆಂದು ನೋಡಿಯೇ ಆರಿಸಿದ್ದ ಮಕ್ಕಳು.

ನೇರನುಡಿ: ಸಂಶೋಧಕರೇ ಜಗಳಕ್ಕೆ ಕುಮ್ಮಕ್ಕು ಕೊಟ್ಟರೆಂಬ ಟೀಕೆ ಆ ಪ್ರಯೋಗದ ಮೇಲಿದೆ, ಅದನ್ನೂ ಹೇಳಬೇಕಿತ್ತು. ಅದಿರಲಿ, ಸ್ಪರ್ಧೆಯನ್ನು ತೆಗೆದುಹಾಕಿದರೆ ಆ ಜಾಗಕ್ಕೆ ಏನು ಬರುತ್ತದೆ? ಬ್ರಿಟನ್ನಿನಲ್ಲಿ 1870ರ ಹೊತ್ತಿಗೆ ಸರ್ಕಾರಿ ಹುದ್ದೆಗಳಿಗೆ ಮುಕ್ತ ಪರೀಕ್ಷೆ ಬಂದದ್ದೇ, ಅದುವರೆಗೆ ಅವು ದೊಡ್ಡವರ ಶಿಫಾರಸಿನಿಂದ ಅವರ ಕಡೆಯವರಿಗೆ ಹೋಗುತ್ತಿದ್ದವೆಂಬ ಕಾರಣಕ್ಕೆ. ಕೈ ಹಿಡಿದು ಎತ್ತುವವರಿಲ್ಲದವನಿಗೆ ಸ್ಪರ್ಧೆಯೇ ನ್ಯಾಯದ ಬಾಗಿಲು. ಒಳಗೆ ಸೇರಿದ ಮೇಲೆ ಅದನ್ನು ಅಮಾನವೀಯ ಎನ್ನುವುದು ಸುಲಭ.

ಹಿನ್ನೋಟ: ನೇರನುಡಿಯವರ ಮಾತನ್ನು ಒಪ್ಪುತ್ತೇನೆ, ಆದರೆ ನೆಮ್ಮದಿಯ ಪ್ರಶ್ನೆ ಹಾಗೆಯೇ ಉಳಿಯಿತು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ದೃಶ್ಯಗಳನ್ನು ಆಧರಿಸಿ 1995ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರ ಮುಖದಲ್ಲೇ ಹೆಚ್ಚು ಸಂತೋಷ ಕಂಡುಬಂದಿತ್ತು. ಎರಡನೆಯವನು ಕೈತಪ್ಪಿದ ಚಿನ್ನವನ್ನು ನೆನೆಯುತ್ತಾನೆ, ಮೂರನೆಯವನು ಪದಕವಾದರೂ ಸಿಕ್ಕಿತಲ್ಲ ಎಂದುಕೊಳ್ಳುತ್ತಾನೆ ಎಂಬುದು ಅಧ್ಯಯನ ನಡೆಸಿದವರ ವಿವರಣೆ. ಜಗತ್ತಿಗೇ ಎರಡನೆಯವನಾದವನಿಗೆ ಈ ಪಾಡಾದರೆ, ಒಂದು ಅಂಕದಿಂದ ಹೊರಗುಳಿದವನ ಪಾಡೇನು? ಅವನಿಗೆ ಪದಕವೂ ಇಲ್ಲ, ಮುಂದಿನ ದಾರಿಯೂ ಇಲ್ಲ. ಪಣಕ್ಕಿಟ್ಟದ್ದು ಆಟದ ಗೆಲುವಷ್ಟೇ ಆಗಿದ್ದರೆ ಸೋತವನು ಎದ್ದು ಮೈ ಕೊಡವಿಕೊಳ್ಳುತ್ತಾನೆ. ಹೊಟ್ಟೆಪಾಡು, ಚಿಕಿತ್ಸೆ, ಮರ್ಯಾದೆ ಎಲ್ಲವನ್ನೂ ಅದೇ ಪಣಕ್ಕೆ ಕಟ್ಟಿದಾಗ ನಕಲು ಮಾಡುವುದೂ ಗೆಳೆಯನ ಸೋಲನ್ನು ಬಯಸುವುದೂ ಅವನಿಗೆ ಜಾಣತನವಾಗಿಯೇ ತೋರುತ್ತವೆ.

ಸಹಪಥಿಕ: ಹಾಗಿದ್ದರೆ ಶೆರಿಫ್ ಅವರ ಶಿಬಿರದ ಉಳಿದರ್ಧವನ್ನೂ ಹೇಳಿಬಿಡುತ್ತೇನೆ. ಎರಡೂ ತಂಡಗಳನ್ನು ಒಟ್ಟಿಗೆ ಊಟಕ್ಕೆ ಕೂರಿಸಿದಾಗ ಜಗಳ ಇಳಿಯಲಿಲ್ಲ. ಊಟ ತರಬೇಕಾದ ಲಾರಿ ಕೆಟ್ಟು ನಿಂತಿದೆ ಎಂಬ ಸನ್ನಿವೇಶ ಸೃಷ್ಟಿಸಿದಾಗ, ಹಗ್ಗಜಗ್ಗಾಟಕ್ಕೆ ಬಳಸಿದ್ದ ಹಗ್ಗವನ್ನೇ ಲಾರಿಗೆ ಕಟ್ಟಿ ಎಲ್ಲರೂ ಸೇರಿ ಎಳೆದರು. ಇಂಥ ಕೆಲಸಗಳು ಒಂದರ ಹಿಂದೆ ಒಂದು ಬಂದ ಮೇಲೆಯೇ ಹಗೆತನ ತಗ್ಗಿದ್ದು.

ನೇರನುಡಿ: ಎಲ್ಲರಿಗೂ ಬೇಕಾದ ಲಾರಿ ಇದ್ದಾಗ ಸರಿ. ಇರುವುದು ಒಂದೇ ಹುದ್ದೆ, ಬಂದವರು ನೂರು ಜನ ಎಂದಾಗ ತೊಂಬತ್ತೊಂಬತ್ತು ಮಂದಿ ಹಿಂದಿರುಗಲೇಬೇಕು. ಹಿನ್ನೋಟ ಅವರೇ, ಪಣವನ್ನು ಇಳಿಸಬೇಕೆನ್ನುತ್ತೀರಿ. ಹಾಗೆ ಹಿಂದಿರುಗಿದವರ ಅನ್ನ, ಔಷಧಿಗಳ ಖರ್ಚನ್ನು ಗೆದ್ದವನ ತೆರಿಗೆಯಿಂದ ಭರಿಸಲು ನೀವು ಸಿದ್ಧರಿದ್ದೀರಾ?

ಹಿನ್ನೋಟ: ಸಿದ್ಧನಿದ್ದೇನೆ. ಮುಂದಿನ ಸಲ ಹಿಂದಿರುಗುವವರಲ್ಲಿ ನನ್ನ ಮಗಳೂ ಇರಬಹುದು.